ಪ್ರಭಾರ ಮೇಕೆಯ ಕರ್ತವ್ಯಗಳು ಹಾಗೂ ಹಲ್ಲುಗಳ ಬಳಕೆ

ನದಿದಂಡೆ ಸಸ್ಯ ಸಂರಕ್ಷಣಾ ಶಾಖೆ
(ಹೊಳೆಗೆ ಇಳಿಯುವ ಮೆಟ್ಟಿಲುಗಳ ಪಕ್ಕದ ಕಟ್ಟಡ, ಮೊದಲನೇ ಮಹಡಿ. ಕೆಳ ಅಂತಸ್ತು ಮಳೆಗಾಲದಲ್ಲಿ ಹೊಳೆಯ ಉಪಯೋಗಕ್ಕೆ ಮೀಸಲು)

ಸಂಖ್ಯೆ: ನಸಸಂ/ಪೊದೆ/ಮೇಕೆ(ಪ್ರ)/ಹಲ್ಲು/1
ದಿನಾಂಕ: ಮುದ್ರೆಯಲ್ಲಿರುವಂತೆ (ಮುದ್ರೆ ನೆನೆದು ಅಳಿಸಿಹೋಗಿದೆ)

ಸುತ್ತೋಲೆ

ವಿಷಯ: ಅಪರೂಪದ ಹೊಳೆಬಾಗು ಪೊದೆಯನ್ನು ಪ್ರವಾಹಕ್ಕೆ ಮುಂಚಿತವಾಗಿ ಸಿಬ್ಬಂದಿಯ ಹಲ್ಲುಗಳಿಂದ ಗಿಡ್ಡಗೊಳಿಸುವ ಬಗ್ಗೆ.

ಉಲ್ಲೇಖ:
1. ಹೊಳೆಬಾಗು ಪೊದೆ ರಕ್ಷಣಾ ಆದೇಶ (ಇನ್ನು ಮುಂದೆ 'ಆದೇಶ').
2. ಮೇಕೆಗೆ ಜಾರಿ ಮಾಡಲಾದ ನೋಟಿಸ್.
3. ಸಸ್ಯತಜ್ಞೆಯವರ ವರದಿ, ಹಾಗೂ ಸದರಿ ವರದಿಯನ್ನು ಶಾಖೆಯು ಓದದೆ ಇದ್ದುದಕ್ಕಾಗಿ ಅವರು ದೂರವಾಣಿಯಲ್ಲಿ ಆಡಿದ ಮಾತುಗಳು (ಆಯ್ದ ಭಾಗ ಮಾತ್ರ).
4. ಮೇಕೆಯ ಯಜಮಾನಿ ಅಜ್ಜಿಯವರ ಮೌಖಿಕ ಸಲಹೆ.

ಪ್ರಸ್ತಾವನೆ

ಹೊಳೆಬಾಗು ಪೊದೆಯು ಈ ಹೊಳೆಯ ದಂಡೆಯಲ್ಲಿ ಮಾತ್ರ, ಅದರಲ್ಲೂ ಈ ಕಚೇರಿಯ ಕಿಟಕಿಯಿಂದ ಕಾಣುವ ಬಂಡೆಯ ಬಿರುಕಿನಲ್ಲಿ ಮಾತ್ರ, ಅದೂ ಒಂದೇ ಒಂದು ಉಳಿದಿರುವುದು ಸಿಬ್ಬಂದಿಗೆ ತಿಳಿದ ವಿಷಯವಾಗಿದೆ. ಹೊಳೆ ತುಂಬಿ ಬಂದಾಗ ಅದರೊಂದಿಗೆ ಜಗಳಕ್ಕೆ ನಿಲ್ಲದೆ ಬಂಡೆಗೆ ಒರಗಿ ಮಲಗುವುದು, ಪೂರ್ತಿ ಮುಳುಗಿ ಸುಮ್ಮನಿರುವುದು, ನೀರು ಇಳಿದ ಮೇಲೆ ಎದ್ದು ಮೈ ಕೊಡವಿ ಹೂ ಬಿಡುವುದು, ಬೀಜವನ್ನು ಹೊಳೆಗೇ ಒಪ್ಪಿಸುವುದು ಸದರಿ ಪೊದೆಯ ಜೀವನಕ್ರಮವಾಗಿರುತ್ತದೆ.

ಹೊಳೆಯಂಚಿನ ಮನೆಯ ಅಜ್ಜಿಯವರ ಮೇಕೆಯು ಬೆಳಗಿನ ಹೊತ್ತು ಬಂದು ಸದರಿ ಪೊದೆಯ ಎಳೆ ತುದಿಗಳನ್ನು ಹರಿದು ತಿನ್ನುತ್ತಿದ್ದುದು ಶಾಖೆಯ ಗಮನಕ್ಕೆ ಬಂದಿತು. ಜಗತ್ತಿನಲ್ಲಿ ಉಳಿದಿರುವ ಒಂದೇ ಪೊದೆಯನ್ನು ಒಂದು ಮೇಕೆ ತಿನ್ನುತ್ತಿರುವುದನ್ನು ಕಂಡು ಶಾಖೆಯ ಎದೆ ಝಲ್ಲೆಂದಿತು. ಕೂಡಲೇ ಆದೇಶವನ್ನು ಹೊರಡಿಸಿ, ಪೊದೆಯ ಸುತ್ತ ಆಳೆತ್ತರದ ತಂತಿಬೇಲಿಯನ್ನು ಹಾಕಿಸಿ, ಮೇಕೆಯ ಕೊರಳಿಗೆ ನೋಟಿಸನ್ನು ಕಟ್ಟಲಾಯಿತು.

ಬೇಲಿಯೊಳಗೆ ಯಾರ ಕಾಟವೂ ಇಲ್ಲದ ಪೊದೆಯು ಎತ್ತರಕ್ಕೆ ಬೆಳೆಯಿತು. ಶಾಖೆಯ ಅಧೀಕ್ಷಕರು ಅದರ ಪಕ್ಕದಲ್ಲಿ ನಿಂತು, ಹೆಗಲಿಗೆ ಹೆಗಲು ಕೊಟ್ಟು, ಫೋಟೋ ತೆಗೆಸಿಕೊಂಡರು. ಫೋಟೋವನ್ನು ನೋಡಿದ ಸಸ್ಯತಜ್ಞೆಯವರು ದೂರವಾಣಿ ಮೂಲಕ ಈ ಕೆಳಕಂಡ ಅಭಿಪ್ರಾಯವನ್ನು ನೀಡಿರುತ್ತಾರೆ:

"ಅಯ್ಯೋ ಪುಣ್ಯಾತ್ಮರೇ, ಅದು ಬೆಳೆದಿರೋದಲ್ಲ, ಸೆಟೆದಿರೋದು! ಮೊಣಕಾಲುದ್ದ ಇದ್ರೆ ಬಾಗತ್ತೆ. ಆಳುದ್ದ ಆದ್ರೆ ಹೊಳೆ ಅದರ ಜುಟ್ಟು ಹಿಡಿದು ಬೇರು ಸಮೇತ ಕಿತ್ಕೊಂಡು ಹೋಗತ್ತೆ. ಆ ಬೇಲಿಗೆ ಕಸಕಡ್ಡಿ ಎಲ್ಲ ಸಿಕ್ಕಿಕೊಂಡ್ರೆ ಇನ್ನೂ ಬೇಗ. ವರದಿಲಿ ಬರೆದಿದ್ನಲ್ರೀ! ಎಲ್ರೀ ಆ ಮೇಕೆ?"

ಪೊದೆಯನ್ನು ಕತ್ತರಿಯಿಂದ ಗಿಡ್ಡಗೊಳಿಸುವ ಪ್ರಸ್ತಾಪವನ್ನು ಪರಿಶೀಲಿಸಲಾಯಿತು. ಆದರೆ ಆದೇಶದ ನಾಲ್ಕನೇ ಖಂಡದಂತೆ ಯಾವುದೇ ಕತ್ತರಿ, ಕುಡುಗೋಲು, ಗರಗಸ, ಚಾಕು, ಉಗುರು ಅಥವಾ ಮೇಕೆಯು ಪೊದೆಯನ್ನು ಮುಟ್ಟುವಂತಿಲ್ಲ. ಆದೇಶವನ್ನು ತಿದ್ದುವ ಅಧಿಕಾರವಿರುವ ಸಮಿತಿಯು ಮಳೆಗಾಲ ಮುಗಿದ ನಂತರವೇ ಸೇರುತ್ತದೆ. ಸಮಿತಿಯ ಸದಸ್ಯರು ಬರುವ ದಾರಿ ಅಲ್ಲಿಯವರೆಗೆ ನೀರಿನಲ್ಲಿರುತ್ತದೆ. ಇಡೀ ಆದೇಶವನ್ನು ಕೂಲಂಕಷವಾಗಿ ಓದಿದಾಗ, ಅದರಲ್ಲಿ ನಿಷೇಧಿಸಲು ಮರೆತುಹೋಗಿರುವ ಸಾಧನ ಒಂದೇ ಎಂದು ಕಂಡುಬಂದಿದೆ. ಅದು ಮನುಷ್ಯರ ಹಲ್ಲು.

ಅಜ್ಜಿಯವರ ಮನವೊಲಿಸಿ ಮೇಕೆಯಿಂದ ಬೇಲಿಯ ಹೊರಗಿನಿಂದಲಾದರೂ ಕತ್ತು ಚಾಚಿಸಬಹುದೇ ಎಂದು ವಿಚಾರಿಸಲು ಶಾಖೆಯ ಸಹಾಯಕಿಯನ್ನು ಕಳುಹಿಸಲಾಗಿತ್ತು. ಅಜ್ಜಿಯವರ ಸಲಹೆ ಹೀಗಿದೆ:

"ಮೊದಲು ಕೊರಳಿಗೆ ಕಾಗದ ಕಟ್ಟಿ ಕಳ್ಳಿ ಅನ್ನೋ ಥರ ಕಳಿಸಿದ್ರಿ. ಅವತ್ತಿಂದ ಅವಳು ಹೊಳೆ ಕಡೆ ಮುಖ ಹಾಕಿಲ್ಲ. ಮರ್ಯಾದಸ್ಥ ಮೇಕೆ ನಮ್ಮದು. ಈಗ ಗಿಡ ಮೇಯೋಕೆ ಜನ ಬೇಕಾ? ನಿಮ್ಮ ಆಫೀಸಲ್ಲಿ ಅಷ್ಟು ಜನ ಇದೀರಲ್ಲ ಮಗಳೇ, ನೀವೇ ಮೇಯಿರಿ ಹೋಗಿ."

ಅಧೀಕ್ಷಕರು ಕಡತದ ಮೇಲೆ "ಸಲಹೆ ಕಾರ್ಯಸಾಧ್ಯವಾಗಿದೆ. ಜಾರಿಗೊಳಿಸಿ" ಎಂದು ಬರೆದಿರುವುದರಿಂದ, ಎಲ್ಲ ಸಿಬ್ಬಂದಿಗೆ ಈ ಮೂಲಕ ಕೆಳಕಂಡಂತೆ ಸೂಚಿಸಲಾಗಿದೆ.

1. ಹುದ್ದೆ: ತೆರವಾಗಿರುವ ಮೇಕೆಯ ಸ್ಥಾನಕ್ಕೆ ಶಾಖೆಯ ಸಹಾಯಕಿಯನ್ನು ಅವರ ಹಾಲಿ ಕರ್ತವ್ಯಗಳ ಜೊತೆಗೆ 'ಪ್ರಭಾರ ಮೇಕೆ' ಎಂದು ನೇಮಿಸಲಾಗಿದೆ. ಮೇಕೆಗೆ ಸಂಬಳವಿರಲಿಲ್ಲವಾದ್ದರಿಂದ ಪ್ರಭಾರ ಭತ್ಯೆಯ ಪ್ರಶ್ನೆ ಉದ್ಭವಿಸುವುದಿಲ್ಲ. ತಾವು ಸ್ನಾತಕೋತ್ತರ ಪದವೀಧರೆ ಎಂದು ಸಹಾಯಕಿಯು ಸಲ್ಲಿಸಿದ ಆಕ್ಷೇಪಣೆಗೆ ಅಧೀಕ್ಷಕರು "ಒಳ್ಳೇದೇ ಆಯ್ತಲ್ಲಮ್ಮ, ನೋಡ್ಕೊಂಡು ತಿಂತೀರಿ" ಎಂದು ಸಮಾಧಾನ ನೀಡಿರುತ್ತಾರೆ. ಹಿರಿಯ ಗುಮಾಸ್ತರೂ ಅಧೀಕ್ಷಕರೂ ಸರದಿಯಂತೆ ಸಹಾಯಕ ಮೇಕೆಗಳಾಗಿ ಕಾರ್ಯನಿರ್ವಹಿಸತಕ್ಕದ್ದು.

2. ಬಾಯಿಯ ಸಿದ್ಧತೆ: ಕರ್ತವ್ಯಕ್ಕೆ ಇಳಿಯುವ ಮುನ್ನ ಬಾಯಿ ಮುಕ್ಕಳಿಸತಕ್ಕದ್ದು. ಪುದೀನ ವಾಸನೆಯ ಟೂತ್‌ಪೇಸ್ಟನ್ನು ಬಳಸುವಂತಿಲ್ಲ. ಪಕ್ಕದಲ್ಲಿ ಇನ್ನೊಂದು ಗಿಡ ಬಂದಿದೆಯೆಂದು ಪೊದೆಗೆ ತಪ್ಪು ಕಲ್ಪನೆ ಬರಬಾರದು. ಎಲೆ ವಿಷವಲ್ಲ, ಕಹಿ ಮಾತ್ರ, ಎಂದು ಸಸ್ಯತಜ್ಞೆಯವರು ದೃಢೀಕರಿಸಿದ್ದಾರೆ. "ಎಷ್ಟು ಕಹಿ" ಎಂಬ ಪ್ರಶ್ನೆಗೆ ಅವರು ನಕ್ಕಿರುವುದು ಮಾತ್ರ ದಾಖಲಾಗಿದೆ.

3. ಹಲ್ಲುಗಳ ವರ್ಗೀಕರಣ: ಬಾಯಿಯ ಮುಂಭಾಗದ ಸ್ವಂತ ಹಲ್ಲುಗಳು ಪ್ರಥಮ ದರ್ಜೆ. ಸಿಮೆಂಟ್ ತುಂಬಿಸಿದ ಹಲ್ಲುಗಳು ದ್ವಿತೀಯ ದರ್ಜೆ. ಹಿರಿಯ ಗುಮಾಸ್ತರ ಕಟ್ಟಿಸಿದ ಹಲ್ಲುಗಳು ಆದೇಶದ ನಾಲ್ಕನೇ ಖಂಡದಡಿ 'ಸಾಧನ' ಎನಿಸಿಕೊಳ್ಳುತ್ತವೆಯೇ ಎಂಬ ಪ್ರಶ್ನೆಯನ್ನು ಅವರೇ, ಸ್ವಲ್ಪ ಉತ್ಸಾಹದಿಂದಲೇ, ಎತ್ತಿರುತ್ತಾರೆ. ಬಾಯೊಳಗೆ ಇರುವವರೆಗೆ ಅವು ದೇಹದ ಭಾಗವೆಂದೂ, ಕೈಯಲ್ಲಿ ಹಿಡಿದು ಕಚ್ಚಿಸಿದಲ್ಲಿ ಕತ್ತರಿಯೆಂದೂ ಸ್ಪಷ್ಟಪಡಿಸಲಾಗಿದೆ. ಅವರ ಉತ್ಸಾಹ ಅಲ್ಲಿಗೆ ಇಳಿದಿರುತ್ತದೆ.

4. ಎತ್ತರ: ಮೇಕೆಯ ಬಾಯಿ ಇದ್ದ ಎತ್ತರದಲ್ಲಿಯೇ ಕಚ್ಚತಕ್ಕದ್ದು. ಆದುದರಿಂದ ಸಿಬ್ಬಂದಿಯು ಕೈಕಾಲುಗಳ ಮೇಲೆ ನಿಲ್ಲತಕ್ಕದ್ದು. ಮೇಲಿನ ತುದಿಗಳಿಗೆ ಮಾತ್ರ ಹಿಂಗಾಲುಗಳ ಮೇಲೆ ಏಳಲು ಅವಕಾಶವಿದೆ. ಆಗ ಮುಂಗಾಲುಗಳನ್ನು ಬಂಡೆಗೆ ಆನಿಸತಕ್ಕದ್ದು, ಸಹೋದ್ಯೋಗಿಯ ಬೆನ್ನಿಗಲ್ಲ. ಮಂಡಿನೋವು ಇರುವವರು ಮೆತ್ತೆಯನ್ನು ತರಬಹುದು. ಮೆತ್ತೆಯ ಮೇಲೆ ಕಚೇರಿಯ ಮುದ್ರೆ ಇರತಕ್ಕದ್ದು.

5. ವಿಧಾನ: ತುದಿಯನ್ನು ಮುಂಬಲ್ಲಿನಲ್ಲಿ ಹಿಡಿದು, ತಲೆಯನ್ನು ಒಂದು ಪಕ್ಕಕ್ಕೆ ಜಗ್ಗಿ ಹರಿಯತಕ್ಕದ್ದು. ಹೀಗೆ ಹರಿದಲ್ಲಿ ಮಾತ್ರ ಕೆಳಗಿನಿಂದ ಮೆತ್ತನೆಯ, ಬಾಗುವ ಚಿಗುರು ಬರುತ್ತದೆಂದು ವರದಿಯಿಂದ ತಿಳಿದುಬಂದಿದೆ. (ವರದಿಯನ್ನು ಈಗ ಓದಲಾಗಿದೆ.) ಹರಿದದ್ದನ್ನು ನುಂಗಬಹುದು ಅಥವಾ ಚೀಲಕ್ಕೆ ಉಗುಳಬಹುದು. ನುಂಗಿದವರ ಸೇವಾಪುಸ್ತಕದಲ್ಲಿ 'ನುಂಗಿದ್ದಾರೆ' ಎಂದು ನಮೂದಿಸಲಾಗುವುದು.

6. ಸಾರ್ವಜನಿಕರು: ಹೊಳೆದಂಡೆಯಲ್ಲಿ ಗಾಳಿಗೆ ಬರುವವರು "ಏನು ಮಾಡ್ತಿದೀರಿ?" ಎಂದು ಕೇಳಿದಲ್ಲಿ "ಕಚೇರಿ ಕೆಲಸ" ಎಂದಷ್ಟೇ ಉತ್ತರಿಸತಕ್ಕದ್ದು. ಬಾಯಲ್ಲಿ ಸೊಪ್ಪಿದ್ದಲ್ಲಿ ಘನತೆಯಿಂದ ತಲೆಯಾಡಿಸತಕ್ಕದ್ದು. ಮೇಕೆಯಂತೆ ಅರಚುವುದು ಕಡ್ಡಾಯವಲ್ಲ. ಆದರೆ ಒಮ್ಮೆ ಅರಚಿದವರು ಅದನ್ನು ಕೆಮ್ಮು ಎಂದು ಸಾಧಿಸುವಂತಿಲ್ಲ.

7. ಗೊಬ್ಬರ: ಮೇಕೆಯು ಪೊದೆಯ ಬುಡಕ್ಕೆ ನೀಡುತ್ತಿದ್ದ ಇತರ ಸೇವೆಯನ್ನೂ ಪ್ರಭಾರದಲ್ಲಿ ಇರುವವರೇ ನಿರ್ವಹಿಸಬೇಕೇ ಎಂದು ಸಹಾಯಕಿಯು ಲಿಖಿತವಾಗಿ ಸ್ಪಷ್ಟನೆ ಕೋರಿರುತ್ತಾರೆ. ಕೋರಿಕೆಯನ್ನು ಮೂರು ಮೇಜುಗಳಿಗೆ ಕಳುಹಿಸಲಾಯಿತು. ಮೂರೂ ಮೇಜುಗಳಿಂದ ಅದು ಅತಿ ವೇಗವಾಗಿ ಹಿಂದಿರುಗಿದೆ. ಈ ಖಂಡವನ್ನು ಓದಿಲ್ಲವೆಂದು ಭಾವಿಸತಕ್ಕದ್ದು.

8. ಕುಟುಂಬದವರಿಗೆ ಸೂಚನೆ: ಸಿಬ್ಬಂದಿಯ ಹಲ್ಲು ಹಸಿರಾಗಿರುವುದು ಕರ್ತವ್ಯನಿಷ್ಠೆಯ ಗುರುತಾಗಿರುತ್ತದೆ. ಹಿರಿಯ ಗುಮಾಸ್ತರ ಪತ್ನಿಯವರು "ಮನೇಲಿ ಸೊಪ್ಪಿನ ಸಾರು ಮಾಡಿದ್ರೆ ಮುಖ ಸಿಂಡರಿಸ್ತೀರಿ, ಅಲ್ಲಿ ಹೋಗಿ ಹಸಿ ಸೊಪ್ಪು ಜಗೀತೀರಿ" ಎಂದು ತಿಂಡಿ ಡಬ್ಬಿಯೊಂದಿಗೆ ಕಳುಹಿಸಿರುವ ದೂರನ್ನು ಸ್ವೀಕರಿಸಲಾಗಿದೆ. ಡಬ್ಬಿಯಲ್ಲಿ ಏನೂ ಇರಲಿಲ್ಲವೆಂಬುದನ್ನು ಶಾಖೆಯು ವಿಷಾದದಿಂದ ಗಮನಿಸಿದೆ. ಸಹಾಯಕಿಯ ಅತ್ತೆಯವರು ಮಾತ್ರ "ಮೇಕೆ ಆದ್ರೇನು, ಪ್ರಭಾರ ಅಂದ್ರೆ ಪ್ರಮೋಷನ್ನೇ ತಾನೇ" ಎಂದು ಬೀದಿಗೆಲ್ಲ ಹೇಳಿಕೊಂಡು ಬಂದಿರುತ್ತಾರೆ.

9. ಕಿಟಕಿ: ಸಹಾಯಕಿಯು ಕೆಲಸದ ನಡುವೆ ಪದೇ ಪದೇ ಎದ್ದು ಕಿಟಕಿಯಿಂದ ಹೊಳೆಯ ಮೆಟ್ಟಿಲುಗಳನ್ನು ನೋಡುವುದು, ನೀರು ಏರಿದೆಯೇ ಎಂದು ಪೆನ್ಸಿಲಿನಿಂದ ಗಾಜಿನ ಮೇಲೆ ಗೆರೆ ಎಳೆಯುವುದು, ಮತ್ತೆ ಬಂದು ಕೂತು ಅದೇ ಸಾಲನ್ನು ಮತ್ತೆ ಟೈಪು ಮಾಡುವುದು ಕಚೇರಿ ಸಮಯದ ದುರುಪಯೋಗವೆಂದು ಹಿರಿಯ ಗುಮಾಸ್ತರು ದೂರಿರುತ್ತಾರೆ. ಆ ಪೊದೆ ಹೋದರೆ ಸಂರಕ್ಷಿಸಲು ಈ ಶಾಖೆಗೆ ಬೇರೆ ಪೊದೆಯಿಲ್ಲ, ಹೊಳೆಗೂ ಇಲ್ಲ, ಎಲ್ಲಿಯೂ ಇಲ್ಲ. ಆದುದರಿಂದ ಕಿಟಕಿ ನೋಡುವುದನ್ನು ಕರ್ತವ್ಯವೆಂದು ಪರಿಗಣಿಸಲಾಗಿದೆ.

ಪ್ರಗತಿ ವರದಿ

ಸುತ್ತೋಲೆಯ ಕರಡನ್ನು ಒಪ್ಪಿ, ಅದು ಹೊರಡುವ ಮುನ್ನವೇ ಪ್ರಾಯೋಗಿಕ ಮೇಯುವಿಕೆಯನ್ನು ಕೈಗೊಳ್ಳಲಾಯಿತು. ಅಧೀಕ್ಷಕರು ಸ್ವತಃ ಮಾದರಿಯಾಗಲು ಮುಂದಾಗಿ ಮೊದಲನೇ ತುದಿಯನ್ನು ಕಚ್ಚಿದರು. ತುದಿ ಹರಿಯಲಿಲ್ಲ, ಅವರ ದವಡೆ ಹಲ್ಲು ಅಲುಗಾಡಿತು. ಅವರು ಅಲ್ಲಿಂದಲೇ, ಕೈಕಾಲುಗಳ ಮೇಲೆಯೇ ಸ್ವಲ್ಪ ದೂರ ಹೋಗಿ, ಅನಂತರ ನೆನಪಾಗಿ ಎದ್ದು, ದಂತವೈದ್ಯರ ಬಳಿಗೆ ರಜೆಯ ಮೇಲೆ ತೆರಳಿರುತ್ತಾರೆ. ತೆರಳುವಾಗ ಕೆನ್ನೆ ಹಿಡಿದುಕೊಂಡು ಸಹಾಯಕಿಯತ್ತ ಕೈ ತೋರಿಸಿದ್ದನ್ನು ಅಧೀಕ್ಷಕ ಹುದ್ದೆಯ ಪ್ರಭಾರವನ್ನು ಅವರಿಗೆ ವಹಿಸಿಕೊಟ್ಟಿದ್ದೆಂದು ದಾಖಲಿಸಿಕೊಳ್ಳಲಾಗಿದೆ.

ಹಿರಿಯ ಗುಮಾಸ್ತರು ಎರಡು ತುದಿಗಳನ್ನು ಮೇಯ್ದು, ನೀರು ಕೇಳಿ, ಕುಡಿದು, ಇನ್ನೂ ನೀರು ಕೇಳಿ, ಹೊಳೆಯನ್ನೇ ನೋಡುತ್ತ ಕುಳಿತಿರುತ್ತಾರೆ. ಸಹಾಯಕಿಯು ಕಣ್ಣು ಮುಚ್ಚಿಕೊಂಡು, ಮೂಗು ಹಿಡಿದುಕೊಂಡು, ಕೈಲಾದಷ್ಟು ಮೇಯ್ದಿರುತ್ತಾರೆ. ಇವರೆಲ್ಲರೂ ಸೇರಿ ಇದೇ ವೇಗದಲ್ಲಿ ಮೇಯ್ದಲ್ಲಿ ಪೊದೆ ಗಿಡ್ಡವಾಗುವ ಹೊತ್ತಿಗೆ ಸಹಾಯಕಿಗೆ ನಿವೃತ್ತಿ ವಯಸ್ಸಾಗಿರುತ್ತದೆ. ನೀರಾದರೋ ಅಂದೇ ಕೆಳಗಿನ ಮೆಟ್ಟಿಲುಗಳನ್ನು ನುಂಗಿ ಮೇಲೆ ಬರುತ್ತಿತ್ತು.

ತಿದ್ದುಪಡಿ (ಬೇಲಿಗೆ ಸಂಬಂಧಿಸಿದಂತೆ)

10. ಮರುದಿನ ಬೆಳಗ್ಗೆ ಹಿರಿಯ ಗುಮಾಸ್ತರು ಬೇಲಿಯ ಬಾಗಿಲಲ್ಲಿ ನಿಂತು, ಒಳಗೆ ಬರಲೊಲ್ಲದೆ, ಈ ಕೆಳಕಂಡ ಆಕ್ಷೇಪಣೆಯನ್ನು ಎತ್ತಿರುತ್ತಾರೆ: "ನೋಡಿ ಮೇಡಂ, ಆದೇಶದ ಆರನೇ ಖಂಡದ ಪ್ರಕಾರ ಯಾವ ಮೇಕೆನೂ ಬೇಲಿ ಒಳಗೆ ಬರೋ ಹಾಗಿಲ್ಲ. ನಿನ್ನೆಯಿಂದ ನಾನು ಮೇಕೆ. ಸಹಾಯಕ ಮೇಕೆನೇ ಇರ್ಬೋದು, ಆದ್ರೂ ಮೇಕೆ ಮೇಕೆನೇ. ಕಾನೂನು ಮುರಿಯೋ ಜಾಯಮಾನ ನಂದಲ್ಲ. ನಾನು ಆಫೀಸಲ್ಲಿ ಫ್ಯಾನ್ ಕೆಳಗೆ ಕೂತಿರ್ತೀನಿ."

11. ಸದರಿ ಆಕ್ಷೇಪಣೆಯನ್ನು ಪ್ರಭಾರ ಅಧೀಕ್ಷಕಿಯು ಬೇಲಿಯೊಳಗೆ ಮಂಡಿಯೂರಿದ ಸ್ಥಿತಿಯಲ್ಲಿಯೇ, ಬಾಯಲ್ಲಿದ್ದುದನ್ನು ಉಗುಳಿ, ಪರಿಶೀಲಿಸಿದರು. ಆಕ್ಷೇಪಣೆಯು ನೂರಕ್ಕೆ ನೂರು ಸರಿಯಾಗಿದೆ. ಮೇಯದಿದ್ದರೆ ಸುತ್ತೋಲೆಯ ಉಲ್ಲಂಘನೆ. ಮೇಯಲು ಒಳಗೆ ಬಂದರೆ ಆದೇಶದ ಉಲ್ಲಂಘನೆ. ಎರಡನ್ನೂ ಪಾಲಿಸಲು ಇರುವ ದಾರಿ ಒಂದೇ. 'ಒಳಗೆ' ಎಂಬುದು ಇಲ್ಲದಂತೆ ಮಾಡುವುದು.

12. ಆದೇಶದ ಏಳನೇ ಖಂಡದಂತೆ ಬೇಲಿಯನ್ನು ಅಧೀಕ್ಷಕರ ಲಿಖಿತ ಅನುಮತಿಯಿಲ್ಲದೆ ತೆಗೆಯುವಂತಿಲ್ಲ. ಆದುದರಿಂದ ಪ್ರಭಾರ ಮೇಕೆಯು ಪ್ರಭಾರ ಅಧೀಕ್ಷಕಿಗೆ ಅರ್ಜಿ ಸಲ್ಲಿಸಿದರು. ಪ್ರಭಾರ ಅಧೀಕ್ಷಕಿಯು ಅರ್ಜಿದಾರರ ನಡತೆಯ ಬಗ್ಗೆ ವಿಚಾರಿಸಿ, ಅವರು ತಮಗೆ ಬಹಳ ಕಾಲದಿಂದ ಗೊತ್ತಿರುವವರೆಂದೂ, ಸ್ವಲ್ಪ ಗಾಬರಿಯ ಸ್ವಭಾವದವರಾದರೂ ಸುಳ್ಳು ಹೇಳುವವರಲ್ಲವೆಂದೂ ಖಾತರಿಪಡಿಸಿಕೊಂಡು, ಅನುಮತಿ ನೀಡಿದರು. ಸಹಿಯ ಮೇಲೆ ಸೊಪ್ಪಿನ ಹಸಿರು ಹತ್ತಿರುವುದು ನಿಜ. ಹಸಿರಾದ ಸಹಿಯೂ ಸಹಿಯೇ ಎಂದು ಸ್ಪಷ್ಟಪಡಿಸಲಾಗಿದೆ.

13. "ನಾನು ಹಾಗೆ ಹೇಳಿಲ್ಲ ಮೇಡಂ, ನಾನು ಹೇಳಿದ್ದು ಫ್ಯಾನ್ ವಿಷಯ" ಎಂದು ಹಿರಿಯ ಗುಮಾಸ್ತರು ಕೂಗುತ್ತಿರುವಂತೆಯೇ ಬೇಲಿಯ ಕಂಬಗಳನ್ನು ಕಿತ್ತು, ತಂತಿಯನ್ನು ಸುರುಳಿ ಸುತ್ತಲಾಯಿತು. ಸುರುಳಿಯ ಒಂದು ತುದಿಯನ್ನು ಅವರೇ ಹಿಡಿದುಕೊಂಡಿದ್ದರು. ಇಂಥದ್ದೊಂದು ಬುದ್ಧಿವಂತಿಕೆಯ ಆಕ್ಷೇಪಣೆಯನ್ನು ಎತ್ತಿದ್ದಕ್ಕಾಗಿ ಅವರಿಗೆ ಶಾಖೆಯ ಕೃತಜ್ಞತೆಗಳು ಸಲ್ಲುತ್ತವೆ. ಅವರು ಸ್ವೀಕರಿಸಲು ಒಪ್ಪದಿದ್ದರೂ ಸಲ್ಲುತ್ತವೆ.

ಎರಡನೇ ತಿದ್ದುಪಡಿ (ಕ್ಷಮಾಪಣೆಗೆ ಸಂಬಂಧಿಸಿದಂತೆ)

14. ಬೇಲಿ ಹೋದರೂ ಆದೇಶದ ನಾಲ್ಕನೇ ಖಂಡದಲ್ಲಿ 'ಮೇಕೆ' ಎಂಬ ಪದ ಉಳಿದೇ ಇತ್ತು. ಅದನ್ನು ಓದಿ ನೋಡಿದ ಪ್ರಭಾರ ಅಧೀಕ್ಷಕಿಯು, ಮುಟ್ಟಬಾರದೆಂದು ಹೇಳಿರುವ ಪಟ್ಟಿಯಲ್ಲಿ ಪ್ರಭಾರ ಮೇಕೆಯೂ ಬರುವುದರಿಂದ ತಾವು ಈಗಾಗಲೇ ಹೊಟ್ಟೆತುಂಬ ಅಪರಾಧ ಮಾಡಿರುವುದಾಗಿಯೂ, ಇನ್ನೊಂದು ಮೇಕೆಯನ್ನು ಸೇರಿಸಿಕೊಂಡರೆ ಅಪರಾಧ ದೊಡ್ಡದಾಗುವುದಿಲ್ಲ, ಬೇಗ ಮುಗಿಯುತ್ತದೆ ಎಂಬುದಾಗಿಯೂ ತೀರ್ಮಾನಿಸಿದರು. ಸಮಿತಿ ಕೇಳಿದಲ್ಲಿ ಉತ್ತರವನ್ನು ಅವರೇ ಕೊಡತಕ್ಕದ್ದು.

15. ಅಜ್ಜಿಯವರ ಮನೆಯಲ್ಲಿ ಕ್ಷಮೆ ಕೋರಲಾಯಿತು. ಅಜ್ಜಿಯವರು ಅದನ್ನು ತಿರಸ್ಕರಿಸಿ ಹೀಗೆ ಹೇಳಿದರು: "ನನ್ ಹತ್ರ ಯಾಕೆ ಹೇಳ್ತೀಯಾ ಮಗಳೇ? ಕಾಗದ ಕಟ್ಟಿದ್ದು ನನ್ನ ಕೊರಳಿಗಾ? ಹಿತ್ತಲಲ್ಲಿ ಇದಾಳೆ, ಹೋಗಿ ಅವಳಿಗೆ ಹೇಳು. ನಿಂತ್ಕೊಂಡು ಹೇಳ್ಬೇಡ, ಕೂತ್ಕೊಂಡು ಹೇಳು. ಅವಳಿಗೆ ತಲೆ ಎತ್ತಿ ನೋಡ್ಬೇಕಾದ್ರೆ ಸಿಟ್ಟು ಬರತ್ತೆ."

16. ಹಿತ್ತಲಲ್ಲಿ ಕುಳಿತು ಆಡಿದ ಮಾತುಗಳ ಒಕ್ಕಣೆ ಕಡತದಲ್ಲಿಲ್ಲ. ಅದು ಕಚೇರಿಯ ಭಾಷೆಯಲ್ಲಿ ಇರಲಿಲ್ಲವೆಂಬುದಷ್ಟೇ ತಿಳಿದುಬಂದಿದೆ. ಮೇಕೆಯು ಮೊದಲು ಗೋಡೆಯತ್ತ ನೋಡಿತು. ಅನಂತರ ಆಕಾಶದತ್ತ ನೋಡಿತು. ಬಹಳ ಹೊತ್ತಿನ ಮೇಲೆ ಹತ್ತಿರ ಬಂದು, ಸಹಾಯಕಿಯ ಹಸಿರಾದ ಹಲ್ಲುಗಳನ್ನು ಮೂಸಿ, ಏನೋ ಅರ್ಥವಾದಂತೆ ಕಿವಿ ಅಲ್ಲಾಡಿಸಿ, ಅವರ ಕೈಚೀಲದ ಹಿಡಿಯನ್ನು ತಿಂದಿತು. ಇದನ್ನು ಕ್ಷಮೆಯ ಅಂಗೀಕಾರವೆಂದು ಅಜ್ಜಿಯವರು ಪ್ರಮಾಣೀಕರಿಸಿರುತ್ತಾರೆ.

17. ಮೇಕೆಯನ್ನು ಅದರ ಮೂಲ ಹುದ್ದೆಗೆ, ಸೇವಾ ಹಿರಿತನಕ್ಕೆ ಧಕ್ಕೆಯಾಗದಂತೆ, ಮರುನೇಮಿಸಲಾಗಿದೆ. ಅದು ಬಂಡೆಯ ಮೇಲೆ ಬಂದು ನಿಂತು, ಆಳೆತ್ತರ ಬೆಳೆದಿದ್ದ ಪೊದೆಯನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿ, ಊರು ಬಿಟ್ಟು ಹೋಗಿ ಹಿಂದಿರುಗಿದವರು ಮನೆಯ ಸ್ಥಿತಿ ಕಂಡು ನಿಟ್ಟುಸಿರುಬಿಡುವಂತೆ ನಿಟ್ಟುಸಿರುಬಿಟ್ಟು, ಕೆಲಸಕ್ಕೆ ತೊಡಗಿತು. ಎತ್ತರದ ಟೊಂಗೆಗಳನ್ನು ಸಹಾಯಕಿಯು ಬಗ್ಗಿಸಿ ಹಿಡಿದರು. ಅರ್ಧ ಕೆಲಸ ಮುಗಿಯುವ ಹೊತ್ತಿಗೆ ಹಿರಿಯ ಗುಮಾಸ್ತರು ಫ್ಯಾನಿನ ಕೆಳಗಿನಿಂದ ಎದ್ದು ಬಂದು, ಯಾರೂ ಕರೆಯದಿದ್ದರೂ ಕೈಕಾಲುಗಳ ಮೇಲೆ ನಿಂತು, ಪೊದೆಯ ಇನ್ನೊಂದು ಪಕ್ಕದಿಂದ ಮೇಯಲು ಆರಂಭಿಸಿದರು. ಮೇಕೆ ಮತ್ತು ಗುಮಾಸ್ತರ ನಡುವೆ ಪೈಪೋಟಿ ಏರ್ಪಟ್ಟು, ಒಂದೇ ತುದಿಯನ್ನು ಇಬ್ಬರೂ ಹಿಡಿದಾಗ ಗುಮಾಸ್ತರ ಹಲ್ಲಿನ ಸೆಟ್ಟು ತುದಿಯ ಜೊತೆಗೇ ಮೇಕೆಯ ಕಡೆಗೆ ಹೋಯಿತು. ಮೇಕೆ ಅದನ್ನು ಪರಿಶೀಲಿಸಿ ಹಿಂದಿರುಗಿಸಿತು. ಇದನ್ನು ಕಂಡ ಅಜ್ಜಿಯವರು ಮೆಟ್ಟಿಲ ಮೇಲೆ ಕುಳಿತು, ನಕ್ಕು ನಕ್ಕು ಕಣ್ಣೊರೆಸಿಕೊಂಡು, "ಚೆನ್ನಾಗಿ ಮೇಯ್ತಾರಲ್ಲ ಮಗಳೇ ಇವರು! ಸುಮ್ನೆ ಆಫೀಸಲ್ಲಿ ಕೂರಿಸಿ ಹಾಳು ಮಾಡಿದೀರ" ಎಂದು ಅಭಿಪ್ರಾಯಪಟ್ಟಿರುತ್ತಾರೆ.

18. ಪೊದೆ ಮೊಣಕಾಲುದ್ದಕ್ಕೆ ಇಳಿದಾಗ ನೀರು ಬಂಡೆಯ ಬುಡವನ್ನು ಮುಟ್ಟಿತ್ತು. ಎಲ್ಲರೂ ಮೇಲೆ ಬಂದರು. ಹೊಳೆಯು ಈ ಸುತ್ತೋಲೆಯ ವ್ಯಾಪ್ತಿಗೆ ಬರುವುದಿಲ್ಲವಾದ್ದರಿಂದ ಅದಕ್ಕೆ ಯಾವುದೇ ಸೂಚನೆ ನೀಡಲಾಗಿಲ್ಲ. ಪೊದೆಯು ಮೊದಲು ಅಲುಗಿತು, ಅನಂತರ ಒಂದು ಪಕ್ಕಕ್ಕೆ ವಾಲಿತು, ಅನಂತರ ಕಾಣಲಿಲ್ಲ. ಅದು ಬಾಗಿತೋ ಕಿತ್ತುಹೋಯಿತೋ ಎಂಬುದು ಕಿಟಕಿಯಿಂದ ತಿಳಿಯುವಂತಿರಲಿಲ್ಲ. ನೀರು ಇಳಿಯುವವರೆಗೆ ಸಿಬ್ಬಂದಿಗೆ ಬೇರೆ ಕೆಲಸವನ್ನು ಸೂಚಿಸಿಲ್ಲ. ಸೂಚಿಸಿದ್ದರೂ ಯಾರೂ ಮಾಡುತ್ತಿರಲಿಲ್ಲ.

ಮೇಲ್ಕಂಡ ಎಲ್ಲವನ್ನೂ ಎಲ್ಲರೂ ಪಾಲಿಸತಕ್ಕದ್ದು. ಈಗಾಗಲೇ ಪಾಲಿಸಿ ಮುಗಿಸಿರುವವರು ಮೊದಲಿನಿಂದ ಪಾಲಿಸುವ ಅಗತ್ಯವಿಲ್ಲ.

(ಸಹಿ)
ಪ್ರಭಾರ ಅಧೀಕ್ಷಕಿ, ಸಹಾಯಕಿ ಹಾಗೂ ನಿರ್ಗಮಿತ ಪ್ರಭಾರ ಮೇಕೆ
ನದಿದಂಡೆ ಸಸ್ಯ ಸಂರಕ್ಷಣಾ ಶಾಖೆ

ಪ್ರತಿಗಳು:

1. ರಜೆಯಲ್ಲಿರುವ ಅಧೀಕ್ಷಕರಿಗೆ, ದಂತವೈದ್ಯರ ಮುಖಾಂತರ. (ಬಾಯಿ ತೆರೆದಿರುವಾಗ ಓದಿ ಹೇಳುವುದು, ಆಕ್ಷೇಪಣೆ ಎತ್ತಲಾಗುವುದಿಲ್ಲ.)

2. ಹಿರಿಯ ಗುಮಾಸ್ತರಿಗೆ, ಮಾಹಿತಿಗಾಗಿ ಹಾಗೂ ಮುಕ್ಕಳಿಸುವುದಕ್ಕಾಗಿ.

3. ಅವರ ಪತ್ನಿಯವರಿಗೆ, ಡಬ್ಬಿಯಲ್ಲಿ ಇನ್ನು ಮುಂದೆ ಏನಾದರೂ ಇಡಬೇಕೆಂಬ ಕೋರಿಕೆಯೊಂದಿಗೆ.

4. ಸಸ್ಯತಜ್ಞೆಯವರಿಗೆ, ಅವರ ವರದಿಯನ್ನು ಇನ್ನು ಮೇಲೆ ಬಂದ ದಿನವೇ ಓದಲಾಗುವುದೆಂಬ ಭರವಸೆಯೊಂದಿಗೆ.

5. ಆದೇಶ ತಿದ್ದುವ ಸಮಿತಿಗೆ, ದಾರಿಯ ಮೇಲಿನ ನೀರು ಇಳಿದ ನಂತರ. ಉತ್ತರ ಸಿದ್ಧವಿದೆ.

6. ಅಜ್ಜಿಯವರಿಗೆ, ಗೌರವಪೂರ್ವಕವಾಗಿ.

7. ಮೇಕೆಗೆ. (ಕೊರಳಿಗೆ ಕಟ್ಟುವಂತಿಲ್ಲ. ಓದಿ ಹೇಳಿ, ಅನಂತರ ತಿನ್ನಲು ಕೊಡುವುದು.)

8. ಹೊಳೆಬಾಗು ಪೊದೆಗೆ. ಇಂದು ಬೆಳಗ್ಗೆ ಖುದ್ದಾಗಿ ತಲುಪಿಸಲಾಯಿತು. ಎಲೆಗಳಿಗೆ ಕೆಸರು ಹತ್ತಿದೆ, ಬೇರು ಬಿರುಕಿನಲ್ಲೇ ಇದೆ, ಎದ್ದು ನಿಲ್ಲುತ್ತಿದೆ.